ಬಾಯಿಗೆ ಪರೀಕ್ಷೆ, ಕೈಗೆ ಕೆಲಸ

ನಮ್ಮ ದೇಶದಲ್ಲಿ ಹಾರ್ಡ್‌ವೇರ್ ಇಂಜಿನಿಯರುಗಳಿಗೆ ಬರ ಬಂದಿದೆಯಂತೆ. ಉದ್ಯಮಿಗಳು ಸಭೆಗಳಲ್ಲಿ ಹೇಳುತ್ತಾರೆ, ಪತ್ರಿಕೆಗಳು ಬರೆಯುತ್ತವೆ, ಮಂತ್ರಿಗಳು ತಲೆದೂಗುತ್ತಾರೆ. 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಚಿಪ್ ಉದ್ಯಮಕ್ಕೆಂದು 76,000 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರ ಸೆಪ್ಟೆಂಬರಿನಲ್ಲಿ, ಮೊಹಾಲಿಯ ಸರ್ಕಾರಿ ಘಟಕದಲ್ಲಿ ತಯಾರಾದ ‘ವಿಕ್ರಮ್’ ಪ್ರೊಸೆಸರನ್ನು ದೆಹಲಿಯಲ್ಲಿ ಪ್ರಧಾನಿಯವರಿಗೆ ಒಪ್ಪಿಸಿದಾಗ ಎಲ್ಲರಂತೆ ನಾವೂ ಹೆಮ್ಮೆಪಟ್ಟೆವು. ಹಣವಿದೆ, ಹುರುಪಿದೆ, ಇಂಜಿನಿಯರುಗಳು ಮಾತ್ರ ಸಿಗುತ್ತಿಲ್ಲ ಎನ್ನುವುದಾದರೆ ನಮ್ಮದೊಂದು ಸಣ್ಣ ಪ್ರಶ್ನೆಯಿದೆ. ರಾಯಚೂರು, ಕಲಬುರಗಿ, ಬೀದರಗಳಿಂದ ಹೈದರಾಬಾದಿಗೆ ರೈಲು ಹತ್ತಿ ಬಂದು, ಮಾದಾಪುರ, ಗಚ್ಚಿಬೌಲಿಗಳ ಗಾಜಿನ ಕಟ್ಟಡಗಳನ್ನು ಹತ್ತಿ ಇಳಿದು, ಬರಿಗೈಯಲ್ಲಿ ಹಿಂದಿರುಗುತ್ತಿರುವ ಈ ಹುಡುಗ ಹುಡುಗಿಯರು ಹಾಗಾದರೆ ಯಾರು?

1956ರವರೆಗೆ ಆ ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. ರಾಜ್ಯ ಬೇರೆಯಾದರೂ ದಾರಿ ಮರೆತಿಲ್ಲ; ಕೆಲಸ ಹುಡುಕಿಕೊಂಡು ಅಲ್ಲಿಯ ಮಕ್ಕಳು ಇಂದಿಗೂ ಇಲ್ಲಿಗೇ ಬರುತ್ತಾರೆ. ಬಂದವರು ಕೆಲವೊಮ್ಮೆ ನಮ್ಮ ಮನೆಗಳಲ್ಲಿ ಉಳಿಯುತ್ತಾರೆ. ರಾತ್ರಿ ಊಟಕ್ಕೆ ಕುಳಿತಾಗ ಅಂದಿನ ಸಂದರ್ಶನದ ಕಥೆ ಹೇಳುತ್ತಾರೆ. ಸಂಘದಲ್ಲಿ ಹಾರ್ಡ್‌ವೇರ್ ಕೆಲಸವನ್ನೇ ಮಾಡುತ್ತಿರುವ ನಾವು ಕೆಲವರಿದ್ದೇವೆ. ಸಂದರ್ಶನದ ಮೇಜಿನ ಈಚೆಗೂ ಕುಳಿತಿದ್ದೇವೆ, ಆಚೆಗೂ ಕುಳಿತಿದ್ದೇವೆ. ಕೇಳಿದ್ದನ್ನೂ ಕಂಡದ್ದನ್ನೂ ಕೂಡಿಸಿ ನೋಡಿದಾಗ ನಮಗೆ ಖಚಿತವಾಗಿ ತೋರಿದ್ದು ಇಷ್ಟು: ಹಾರ್ಡ್‌ವೇರ್ ಎಂಬುದು ಕೈಯ ವಿದ್ಯೆ, ಕಣ್ಣಿನ ವಿದ್ಯೆ, ತಾಳ್ಮೆಯ ವಿದ್ಯೆ. ನಮ್ಮ ಸಂದರ್ಶನಗಳು ಅಳೆಯುತ್ತಿರುವುದು ಮಾತ್ರ ಬಾಯಿಯನ್ನು. ಹೀಗಿರುವಾಗ ಇಂಜಿನಿಯರುಗಳು ಸಿಗುವುದಿಲ್ಲವೆಂದು ಹಲುಬುವುದರಲ್ಲಿ ಏನು ಅರ್ಥವಿದೆ?

ಮದುವೆ ಮನೆಗೆ ಅಡಿಗೆಯವರನ್ನು ಗೊತ್ತುಮಾಡುವಾಗ ಯಾರಾದರೂ ‘ಸಾರಿನ ಲಕ್ಷಣಗಳನ್ನು ವಿವರಿಸಿ’ ಎಂದು ಕೇಳುತ್ತಾರೆಯೇ? ಅವರು ಹಿಂದೆ ಮಾಡಿದ ಅಡಿಗೆ ಉಂಡವರನ್ನು ವಿಚಾರಿಸುತ್ತಾರೆ; ಸಾಧ್ಯವಾದರೆ ತಾವೇ ಒಂದು ತುತ್ತು ಉಂಡು ನೋಡುತ್ತಾರೆ. ನೂರಿನ್ನೂರು ಜನರ ಊಟಕ್ಕೆ ಇರುವ ಈ ವಿವೇಕ, ಕೋಟಿ ಕೋಟಿ ಹಣ ಹೂಡಿದ ಕಂಪೆನಿಗಳ ಸಂದರ್ಶನದ ಕೋಣೆಯಲ್ಲಿ ಏಕೆ ಕಾಣೆಯಾಗುತ್ತದೆ?

ಮೊದಲಿಗೆ ಪ್ರಶ್ನೆಗಳನ್ನೇ ನೋಡೋಣ. ಚಿಪ್ ವಿನ್ಯಾಸದ ಕೆಲಸಕ್ಕೆ ಹೋದ ಪ್ರತಿಯೊಬ್ಬರಿಗೂ ಎದುರಾಗುವ ಪ್ರಶ್ನೆಯೊಂದಿದೆ: ಸೆಟಪ್ ಟೈಮ್ ಎಂದರೇನು, ಹೋಲ್ಡ್ ಟೈಮ್ ಎಂದರೇನು? ಈ ವಿಷಯದ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ಚಿಪ್ಪಿನೊಳಗೆ ಎಲ್ಲ ಕೆಲಸವೂ ಒಂದು ಗಡಿಯಾರದ ಮಿಡಿತಕ್ಕೆ ತಕ್ಕಂತೆ ನಡೆಯುತ್ತದೆ. ಮಿಡಿತ ಬರುವುದಕ್ಕೆ ಮೊದಲು ಮಾಹಿತಿ ಎಷ್ಟು ಹೊತ್ತು ಸ್ಥಿರವಾಗಿರಬೇಕು ಎಂಬುದು ಸೆಟಪ್ ಟೈಮ್. ಮಿಡಿತ ಬಂದ ನಂತರ ಎಷ್ಟು ಹೊತ್ತು ಕದಲದೆ ಇರಬೇಕು ಎಂಬುದು ಹೋಲ್ಡ್ ಟೈಮ್. ಉತ್ತರ ಇಷ್ಟೇ. ಇದನ್ನು ತರಬೇತಿ ಕೇಂದ್ರಗಳು ನೂರು ಪ್ರಶ್ನೆಗಳ ಪಟ್ಟಿಯಲ್ಲಿ ಅಚ್ಚು ಹಾಕಿ ಕೊಡುತ್ತವೆ. ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದರೆ ಮುಂದಿನ ಸುತ್ತಿಗೆ ಅರ್ಹ.

ಅದೇ ವಿಷಯವನ್ನು ಇನ್ನೊಂದು ಬಗೆಯಲ್ಲಿ ಕೇಳಬಹುದಲ್ಲವೇ? ‘ಕಾರ್ಖಾನೆಯಿಂದ ಬಂದ ಚಿಪ್ಪು ತಪ್ಪು ಲೆಕ್ಕ ಕೊಡುತ್ತಿದೆ. ಗಡಿಯಾರದ ವೇಗ ತಗ್ಗಿಸಿ ನೋಡಿದೆವು, ತಪ್ಪು ಹಾಗೆಯೇ ಉಳಿಯಿತು. ಈಗ ಎಲ್ಲಿ ಹುಡುಕುತ್ತೀರಿ?’ ಸೆಟಪ್‌ನ ತೊಂದರೆಯಾಗಿದ್ದರೆ ವೇಗ ತಗ್ಗಿಸಿದಾಗ ಸರಿಹೋಗಬೇಕಿತ್ತು. ಹೋಲ್ಡ್‌ನ ತೊಂದರೆಗೆ ವೇಗದ ಹಂಗಿಲ್ಲ. ಎಷ್ಟು ನಿಧಾನ ಮಾಡಿದರೂ ಅದು ಕಾಡುತ್ತದೆ. ಇದನ್ನು ಬಾಯಿಪಾಠ ಮಾಡಿದವನು ಒಂದು ಕ್ಷಣ ತಡವರಿಸುತ್ತಾನೆ. ಅರಿತವನು ಹಾಳೆ ಕೇಳಿ ಚಿತ್ರ ಬರೆಯತೊಡಗುತ್ತಾನೆ. ಇಬ್ಬರ ನಡುವಣ ಅಂತರ ಆ ಒಂದು ಹಾಳೆಯ ಮೇಲೆ ಕಾಣುತ್ತದೆ. ಪ್ರಶ್ನೆ ಕಠಿಣವಾಗಿರಲಿ, ಅದಕ್ಕೆ ನಮ್ಮ ತಕರಾರಿಲ್ಲ. ತಕರಾರಿರುವುದು ಅದರ ಸೋಮಾರಿತನದ ಬಗೆಗೆ.

ಇನ್ನು ಒಗಟುಗಳ ಹಾವಳಿ. ನಮ್ಮಲ್ಲಿಗೆ ಬಂದ ಒಬ್ಬ ತರುಣ ತಂದೆಯ ಹೊಲದ ಪಂಪ್‌ಸೆಟ್ಟಿಗೆ ಒಂದು ನಿಯಂತ್ರಕ ಮಾಡಿದ್ದ. ಮೂರು ಫೇಸ್ ಕರೆಂಟಿನಲ್ಲಿ ಒಂದು ಫೇಸ್ ಕೈಕೊಟ್ಟರೆ ಮೋಟಾರು ಸುಟ್ಟುಹೋಗದಂತೆ ತಾನೇ ನಿಲ್ಲಿಸುವ, ಮನೆಯಿಂದಲೇ ಫೋನು ಮಾಡಿ ಚಾಲೂ ಮಾಡಬಹುದಾದ ಪೆಟ್ಟಿಗೆ. ಸಿಡಿಲಿನ ಕಾಲದಲ್ಲಿ ಎರಡು ಸಲ ಸುಟ್ಟಿತ್ತು, ಎರಡು ಸಲವೂ ಕಾರಣ ಹುಡುಕಿ ತಿದ್ದಿದ್ದ. ಅದನ್ನು ಚೀಲದಲ್ಲಿಟ್ಟುಕೊಂಡೇ ಸಂದರ್ಶನಕ್ಕೆ ಹೋದ. ಪೆಟ್ಟಿಗೆಯನ್ನು ಹೊರಗೆ ತೆಗೆಯುವ ಸಂದರ್ಭವೇ ಬರಲಿಲ್ಲ. ಅವನಿಗೆ ಕೇಳಿದ್ದು: ‘ಎಂಟು ಚೆಂಡುಗಳಲ್ಲಿ ಒಂದು ಭಾರ, ಎಷ್ಟು ಸಲ ತೂಗಿ ಕಂಡುಹಿಡಿಯುತ್ತೀರಿ?’ ಎರಡು ಸಲ ಸಾಕು ಎಂಬುದು ಅವನಿಗೆ ದಾರಿಯಲ್ಲಿ, ಬಸ್ಸಿನಲ್ಲಿ ಹೊಳೆಯಿತಂತೆ. ಆ ವೇಳೆಗೆ ಕೆಲಸ ಕೈತಪ್ಪಿತ್ತು. ಚೆಂಡು ತೂಗುವ ಇಂಜಿನಿಯರು ಬೇಕಿದ್ದರೆ ಜಾಹೀರಾತಿನಲ್ಲೇ ಹಾಗೆ ಬರೆಯಬಹುದಿತ್ತು.

ಈ ಒಗಟಿನ ಪದ್ಧತಿಯ ಮೂಲ ಸ್ವತಃ ಹಾರ್ಡ್‌ವೇರ್ ಉದ್ಯಮದ ತೊಟ್ಟಿಲಿನಲ್ಲೇ ಕಾಣಸಿಗುವುದು ಒಂದು ವಿನೋದ. ಟ್ರಾನ್ಸಿಸ್ಟರಿಗಾಗಿ 1956ರಲ್ಲಿ ನೊಬೆಲ್ ಪಾರಿತೋಷಕ ಹಂಚಿಕೊಂಡ ಮೂವರಲ್ಲಿ ಒಬ್ಬರಾದ ವಿಲಿಯಂ ಶಾಕ್ಲೀ ಕ್ಯಾಲಿಫೋರ್ನಿಯಾದಲ್ಲಿ ತಮ್ಮದೇ ಪ್ರಯೋಗಾಲಯ ತೆರೆದು, ಕೆಲಸಕ್ಕೆ ಬಂದವರನ್ನು ಮಾನಸಿಕ ಪರೀಕ್ಷೆಗಳಿಗೆ ಒಡ್ಡುತ್ತಿದ್ದರು; ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಒಗಟು ಕೇಳುತ್ತಿದ್ದರು. 127 ಆಟಗಾರರ ಟೆನಿಸ್ ಪಂದ್ಯಾವಳಿಯಲ್ಲಿ ಒಟ್ಟು ಎಷ್ಟು ಆಟಗಳು ನಡೆಯಬೇಕು ಎಂಬುದು ಅವುಗಳಲ್ಲಿ ಒಂದು. ಪ್ರತಿ ಆಟದಲ್ಲೂ ಒಬ್ಬ ಸೋತು ಹೊರಹೋಗುವುದರಿಂದ ಉತ್ತರ 126. ಶಾಕ್ಲೀ ಒಟ್ಟುಗೂಡಿಸಿದ ತರುಣರು ಪ್ರತಿಭಾವಂತರೇ, ಸಂದೇಹವಿಲ್ಲ. ಆದರೆ ಅವರ ಆಡಳಿತದ ರೀತಿಗೆ ಬೇಸತ್ತು 1957ರಲ್ಲಿ ಎಂಟು ಮಂದಿ ಒಟ್ಟಿಗೆ ಹೊರನಡೆದು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದರು. ಆ ಎಂಟರಲ್ಲಿ ಇಬ್ಬರಾದ ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್ 1968ರಲ್ಲಿ ಇಂಟೆಲ್ ಸ್ಥಾಪಿಸಿದರು. ಸ್ಟಾಪ್‌ವಾಚ್ ಹಿಡಿದವರ ಪ್ರಯೋಗಾಲಯ ಏಳಿಗೆ ಕಾಣಲಿಲ್ಲ. ಒಗಟುಗಳಿಗೆ ಹೆಸರಾಗಿದ್ದ ಗೂಗಲ್ ಕಂಪೆನಿಯ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಜ್ಲೊ ಬಾಕ್ ಅವರೇ, ಒಗಟು ಕೇಳುವುದು ಶುದ್ಧ ಕಾಲಹರಣ, ಅದರಿಂದ ಕೇಳುವವನಿಗೆ ತಾನು ಜಾಣನೆನಿಸುತ್ತದೆಯೇ ಹೊರತು ಬೇರೇನೂ ತಿಳಿಯುವುದಿಲ್ಲ ಎಂಬರ್ಥದ ಮಾತನ್ನು 2013ರಲ್ಲಿ ಬಹಿರಂಗವಾಗಿ ಹೇಳಿದರು. ಅವರು ಕೈಬಿಟ್ಟ ಹಳೆಯ ಅಂಗಿಯನ್ನು ನಮ್ಮ ಕಂಪೆನಿಗಳು ಇಂದಿಗೂ ಒಗೆದು ಇಸ್ತ್ರಿ ಮಾಡಿ ತೊಡುತ್ತಿವೆ.

ಇದಕ್ಕೆ ಮೇಜಿನ ಆಚೆ ಕುಳಿತವರು ಕೊಡುವ ಸಮಾಧಾನವೊಂದಿದೆ. ‘ಸಾಫ್ಟ್‌ವೇರಿನಲ್ಲಿ ತಪ್ಪಾದರೆ ಮರುದಿನ ತಿದ್ದಬಹುದು. ಚಿಪ್ಪಿನಲ್ಲಿ ತಪ್ಪಾದರೆ ತಿದ್ದುವಂತಿಲ್ಲ. ಆದ್ದರಿಂದ ನಾವು ಬಿಗಿಯಾಗಿರಲೇಬೇಕು’ ಎನ್ನುತ್ತಾರೆ. ಮಾತು ಸರಿ. 1994ರಲ್ಲಿ ಇಂಟೆಲ್ ಕಂಪೆನಿಯ ಪೆಂಟಿಯಂ ಚಿಪ್ಪಿನ ಭಾಗಾಕಾರದಲ್ಲಿ ದೋಷ ಸಿಕ್ಕಿತು. ಚಿಪ್ಪಿನಲ್ಲಿ ಅಡಕವಾಗಿದ್ದ ಒಂದು ಕೋಷ್ಟಕದಲ್ಲಿ ಕೆಲವು ಅಂಕಿಗಳು ಬಿಟ್ಟುಹೋಗಿದ್ದವು, ಅಷ್ಟೇ. ಚಿಪ್ಪುಗಳನ್ನು ಬದಲಾಯಿಸಿಕೊಡುವುದಕ್ಕೆ ಕಂಪೆನಿ 47.5 ಕೋಟಿ ಡಾಲರುಗಳ ವೆಚ್ಚವನ್ನು ಲೆಕ್ಕಕ್ಕೆ ಹಿಡಿಯಬೇಕಾಯಿತು.

ಆದರೆ ಆ ದೋಷವನ್ನು ಕಂಡುಹಿಡಿದವರು ಯಾರು, ಹೇಗೆ ಎಂಬುದನ್ನೂ ಕೇಳಿಕೊಳ್ಳಬೇಡವೇ? ಅಮೆರಿಕದ ವರ್ಜೀನಿಯಾದ ಲಿಂಚ್‌ಬರ್ಗ್ ಎಂಬ ಊರಿನ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಥಾಮಸ್ ನೈಸ್ಲಿ, ಅವಿಭಾಜ್ಯ ಸಂಖ್ಯೆಗಳ ಕುರಿತ ಒಂದು ಲೆಕ್ಕ ತಾಳೆಯಾಗದ್ದನ್ನು ಗಮನಿಸಿದರು. ಮೊದಲು ತಮ್ಮದೇ ಪ್ರೋಗ್ರಾಮನ್ನು ಶಂಕಿಸಿದರು, ಆಮೇಲೆ ಅದನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರನ್ನು, ಆಮೇಲೆ ಮದರ್‌ಬೋರ್ಡನ್ನು. ಬೇರೆ ಬೇರೆ ಯಂತ್ರಗಳಲ್ಲಿ ಅದೇ ಲೆಕ್ಕ ಮಾಡಿ ನೋಡಿದರು. ಹೀಗೆ ತಿಂಗಳುಗಟ್ಟಲೆ ಒಂದೊಂದನ್ನೇ ತಳ್ಳಿಹಾಕುತ್ತಾ ಬಂದು, ಕೊನೆಗೆ ಉಳಿದದ್ದು ಚಿಪ್ಪೇ ಎಂದು ಅಕ್ಟೋಬರಿನಲ್ಲಿ ನಿಶ್ಚಯಿಸಿದರು. ಆ ಪ್ರಾಧ್ಯಾಪಕರಲ್ಲಿದ್ದ ಗುಣ ಯಾವುದು? ಮೂವತ್ತು ಸೆಕೆಂಡಿನಲ್ಲಿ ಉತ್ತರ ಉದುರಿಸುವ ಚುರುಕೇ? ತಾಳೆಯಾಗದ ಸಣ್ಣ ಅಂಕಿಯೊಂದನ್ನು ‘ಇರಲಿ ಬಿಡು’ ಎನ್ನದ ಹಟ, ತನ್ನನ್ನೇ ಮೊದಲು ಶಂಕಿಸುವ ಪ್ರಾಮಾಣಿಕತೆ, ಕ್ರಮಬದ್ಧವಾಗಿ ಶೋಧಿಸುವ ತಾಳ್ಮೆ, ಇವೇ ಅಲ್ಲವೇ? ತಪ್ಪು ದುಬಾರಿಯೆಂಬುದು ನಿಜವಾದರೆ ಸಂದರ್ಶನ ಹುಡುಕಬೇಕಾದದ್ದು ಈ ಗುಣಗಳನ್ನು. ಗಡಿಯಾರ ನೋಡುತ್ತಾ ಕೇಳುವ ಪ್ರಶ್ನೆಯಲ್ಲಿ ಇಂಥವನು ನಪಾಸಾಗುವುದೇ ಹೆಚ್ಚು.

ಎರಡನೆಯ ಸಮಾಧಾನ: ‘ಸಾವಿರಾರು ಅರ್ಜಿಗಳು ಬರುತ್ತವೆ, ಎಲ್ಲರ ಕೈಗೂ ಉಪಕರಣ ಕೊಡಲಾದೀತೇ?’ ಎಲ್ಲರಿಗೂ ಬೇಡ. ಅರ್ಜಿ ಜರಡಿ ಹಿಡಿದ ಮೇಲೆ ಉಳಿಯುವ ಕೊನೆಯ ಹತ್ತು ಮಂದಿಗೆ ಕೊಡಿ. ಬೋರ್ಡು ವಿನ್ಯಾಸದ ಕೆಲಸವೇ? ಕೆಟ್ಟ ಬೋರ್ಡೊಂದನ್ನು, ಅದರ ನಕ್ಷೆಯನ್ನು, ಒಂದು ಮಲ್ಟಿಮೀಟರು ಮತ್ತು ಆಸಿಲೋಸ್ಕೋಪನ್ನು ಮುಂದಿಟ್ಟು ಒಂದು ಗಂಟೆ ಬಿಟ್ಟುಬಿಡಿ. ಐ-ಸ್ಕ್ವೇರ್-ಸಿ ಎಂಬ ಎರಡು ತಂತಿಗಳ ಸಂಪರ್ಕ ವ್ಯವಸ್ಥೆಯಿದೆ. ಅದರಲ್ಲಿ ಪ್ರತಿ ಚಿಪ್ಪೂ ತಂತಿಯನ್ನು ಕೆಳಕ್ಕೆ ಎಳೆಯಬಲ್ಲುದೇ ಹೊರತು ಮೇಲಕ್ಕೆ ಎತ್ತಲಾರದು. ಎತ್ತುವುದು ಪಕ್ಕದಲ್ಲಿರುವ ಪುಲ್-ಅಪ್ ರೆಸಿಸ್ಟರು. ಆ ರೆಸಿಸ್ಟರನ್ನು ಕಿತ್ತಿಟ್ಟು ನೋಡಿ. ಐ-ಸ್ಕ್ವೇರ್-ಸಿಯ ಮೇಲೆ ಹತ್ತು ನಿಮಿಷ ಭಾಷಣ ಮಾಡಬಲ್ಲವನು ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾ ಕೂಡಬಹುದು. ಕೈಪಳಗಿದವನು ತಂತಿಗೆ ಪ್ರೋಬ್ ಹಚ್ಚಿ, ಗೆರೆ ಮೇಲೇಳದ್ದನ್ನು ಕಂಡು, ‘ಇಲ್ಲೊಂದು ರೆಸಿಸ್ಟರ್ ಇರಬೇಕಿತ್ತಲ್ಲ’ ಎನ್ನುತ್ತಾನೆ. ಚಿಪ್ ವಿನ್ಯಾಸದ ಕೆಲಸವೇ? ಅಲ್ಲಿ ಕೈಯೆಂದರೆ ಸಾಲ್ಡರಿಂಗ್ ಕಡ್ಡಿಯಲ್ಲ. ತಪ್ಪಿರುವ ನೂರು ಸಾಲಿನ ವೇರಿಲಾಗ್ ಬರಹವನ್ನೂ ಅದರ ವೇವ್‌ಫಾರಂ ಅನ್ನೂ ಕೊಡಿ, ಎಲ್ಲಿ ಕೆಟ್ಟಿದೆ ಹುಡುಕಲಿ. ಕೆಟ್ಟ ಬೋರ್ಡು, ಮೀಟರು, ತಪ್ಪಿರುವ ಬರಹ, ಇವು ಇಲ್ಲದ ಹಾರ್ಡ್‌ವೇರ್ ಕಂಪೆನಿ ಎಲ್ಲಾದರೂ ಉಂಟೇ?

ಇದು ನಮ್ಮ ಹಗಲುಗನಸಲ್ಲ. ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಆಯ್ಕೆಯ ವಿಧಾನಗಳ ಮೇಲಿನ 85 ವರ್ಷಗಳ ಸಂಶೋಧನೆಯನ್ನು ಒಟ್ಟುಗೂಡಿಸಿ 1998ರಲ್ಲಿ ಪ್ರಕಟಿಸಿದರು. ಕೆಲಸದ ಮಾದರಿಯನ್ನೇ ಮಾಡಿಸಿ ನೋಡುವುದು, ಎಲ್ಲರಿಗೂ ಗೊತ್ತುಪಡಿಸಿದ ಪ್ರಶ್ನೆಗಳನ್ನೇ ಕೇಳಿ ಗೊತ್ತುಪಡಿಸಿದ ಕ್ರಮದಲ್ಲೇ ಅಂಕ ಕೊಡುವುದು, ಇವು ಅವರ ಪಟ್ಟಿಯ ಮೇಲ್ತುದಿಯಲ್ಲಿದ್ದವು. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಆ ಲೆಕ್ಕವನ್ನು ಮತ್ತೆ ತೆಗೆದು, ಹಳೆಯ ಅಂಕಿಗಳನೇಕವನ್ನು ಕೆಳಗಿಳಿಸಿದರು. ಆಗಲೂ ಗೊತ್ತುಪಡಿಸಿದ ಕ್ರಮದ ಸಂದರ್ಶನವೇ 0.42ರಷ್ಟು ಹೊಂದಾಣಿಕೆಯೊಡನೆ ಮೊದಲ ಸ್ಥಾನದಲ್ಲಿ ನಿಂತಿತು. ವಿಷಯಜ್ಞಾನದ ಪರೀಕ್ಷೆ ಮತ್ತು ಕೆಲಸದ ಮಾದರಿ ಮೊದಲ ಐದರಲ್ಲಿ ಉಳಿದವು. ಬಾಯಿಗೆ ಬಂದಂತೆ ಕೇಳುವ ಸಂದರ್ಶನಕ್ಕೆ ಸಿಕ್ಕಿದ್ದು 0.19. ಆಯ್ಕೆಯಲ್ಲಿ ಕಂಡದ್ದಕ್ಕೂ ಮುಂದೆ ಮಾಡಿದ ಕೆಲಸಕ್ಕೂ ಪೂರ್ತಿ ತಾಳೆಯಾದರೆ 1 ಎಂಬುದು ಈ ಅಂಕಿಯ ಅರ್ಥ. ಅಳತೆಗೋಲು ಹಿಡಿದೇ ಬದುಕುವ ಹಾರ್ಡ್‌ವೇರ್ ಜನ, ಮನುಷ್ಯರನ್ನು ಆರಿಸುವಾಗ ಮಾತ್ರ ಕಣ್ಣಂದಾಜಿಗೆ ಇಳಿಯುವುದು ಎಲ್ಲಿಯ ನ್ಯಾಯ?

ಇನ್ನು ನಮಗೆ ಅತ್ಯಂತ ನೋವುಂಟುಮಾಡುವ ವಿಷಯಕ್ಕೆ ಬರೋಣ. ಅದು ‘ಕಮ್ಯುನಿಕೇಶನ್’ ಎಂಬ ಮಾಯೆಯ ಪದ. ಕನ್ನಡ ಶಾಲೆಯಲ್ಲಿ ಓದಿ, ಜಿಲ್ಲಾ ಕೇಂದ್ರದ ಕಾಲೇಜಿನಿಂದ ಬಂದ ಹುಡುಗಿಯೊಬ್ಬಳು ಉತ್ತರವನ್ನು ಮೊದಲು ಮನಸ್ಸಿನಲ್ಲಿ ಕನ್ನಡದಲ್ಲಿ ಕಟ್ಟಿ, ಆಮೇಲೆ ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಾಳೆ. ನಡುವೆ ಎರಡು ಕ್ಷಣ ಮೌನ. ಆ ಮೌನವನ್ನು ಅಜ್ಞಾನವೆಂದು ಬರೆದುಕೊಳ್ಳುವವರಿದ್ದಾರೆ. ಇಂಗ್ಲಿಷ್ ಬೇಡವೆಂದು ನಾವು ಹೇಳುತ್ತಿಲ್ಲ. ಚಿಪ್ಪುಗಳ ಡೇಟಾಶೀಟುಗಳೆಲ್ಲ ಇಂಗ್ಲಿಷಿನಲ್ಲಿವೆ. ಅವನ್ನು ಓದಿ ಅರಗಿಸಿಕೊಳ್ಳಲಾರದವರು ಈ ಕೆಲಸ ಮಾಡಲಾರರು. ಹಾಗಿದ್ದರೆ ಒಂದು ಡೇಟಾಶೀಟನ್ನೇ ಕೊಟ್ಟು ಓದಿಸಿ, ಅದರ ಮೇಲೆ ಅರ್ಧ ಪುಟ ಬರೆಸಿ. ಕೆಲಸಕ್ಕೆ ಬೇಕಾದ ಇಂಗ್ಲಿಷ್ ಇದೆಯೋ ಇಲ್ಲವೋ ತಿಳಿಯುತ್ತದೆ. ಉಚ್ಚಾರಣೆಯ ಠೀವಿಯನ್ನು ಅಳೆದು ಬುದ್ಧಿಗೆ ಬೆಲೆ ಕಟ್ಟುವುದು ಇಂಜಿನಿಯರಿಂಗ್ ಅಲ್ಲ, ವರ್ಗಭೇದ.

ಅದೇ ಹುಡುಗಿಗೆ ಕೊನೆಯಲ್ಲಿ ಕೇಳಿದ ಪ್ರಶ್ನೆ: ‘ಮದುವೆಯಾದ ಮೇಲೆ ಕೆಲಸ ಮುಂದುವರಿಸುತ್ತೀರಾ? ಲ್ಯಾಬಿನಲ್ಲಿ ರಾತ್ರಿ ಇರಬೇಕಾಗುತ್ತದೆ.’ ಅವಳ ಹಿಂದೆ ಒಳಗೆ ಹೋದ ಹುಡುಗನಿಗೆ ಈ ಪ್ರಶ್ನೆ ಬರಲಿಲ್ಲ. ಇದರ ಬಗೆಗೆ ಹೆಚ್ಚು ಬರೆಯಬೇಕಾದ್ದಿಲ್ಲ. ಕೇಳಿದವರ ಮನೆಯಲ್ಲೂ ಹೆಣ್ಣುಮಕ್ಕಳು ಇಂಜಿನಿಯರಿಂಗ್ ಓದುತ್ತಿರಬಹುದು. ನಾಳೆ ಅವರೂ ಯಾವುದೋ ಮೇಜಿನ ಮುಂದೆ ಕೂಡಬೇಕಾದವರೇ.

ಎಲ್ಲಕ್ಕಿಂತ ಹೆಚ್ಚಿನ ಅನ್ಯಾಯ ನಡೆಯುವುದು ಸಂದರ್ಶನ ಮುಗಿದ ಮೇಲೆ. ‘ತಿಳಿಸುತ್ತೇವೆ’ ಎನ್ನುತ್ತಾರೆ, ತಿಳಿಸುವುದಿಲ್ಲ. ಐದಾರು ಸುತ್ತು, ಎರಡು ತಿಂಗಳ ಓಡಾಟ, ಆಮೇಲೆ ಗಾಢ ಮೌನ. ಊರಿನಲ್ಲಿ ತಂದೆತಾಯಿಯರು ದಿನಾ ಕೇಳುತ್ತಾರೆ: ‘ಏನಾಯ್ತಪ್ಪ?’ ಹುಡುಗನಿಗೆ ಹೇಳಲು ಉತ್ತರವಿಲ್ಲ. ಆಗಲಿಲ್ಲ ಎಂದು ಒಂದು ಸಾಲು ಬಂದಿದ್ದರೆ ಅವನು ಮರುದಿನವೇ ಬೇರೆ ದಾರಿ ಹಿಡಿಯುತ್ತಿದ್ದ. ಪತ್ರ ಟೈಪು ಮಾಡಿಸಿ, ಅಂಚೆಗೆ ಹಾಕಬೇಕಾಗಿದ್ದ ಕಾಲದಲ್ಲಿ ಅದು ಶ್ರಮವಾಗಿತ್ತೆನ್ನೋಣ. ಒಂದು ಗುಂಡಿ ಒತ್ತಿದರೆ ಸಾವಿರ ಮಂದಿಗೆ ಸಂದೇಶ ತಲಪುವ ಈ ಕಾಲದಲ್ಲಿ, ಆ ಗುಂಡಿಯನ್ನೂ ಅದರ ಹಿಂದಿನ ಚಿಪ್ಪನ್ನೂ ತಾವೇ ತಯಾರಿಸುವ ಕಂಪೆನಿಗಳಿಗೆ ಅದನ್ನು ಒತ್ತಲು ಪುರುಸೊತ್ತಿಲ್ಲವೇ?

‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ’ ಎಂದು ಕೆಲವರು ನಮ್ಮನ್ನು ಹಂಗಿಸಬಹುದು. ಹುಡುಗರಲ್ಲಿ ಹುರುಳಿಲ್ಲ, ಕಾಲೇಜುಗಳಲ್ಲಿ ಆಸಿಲೋಸ್ಕೋಪಿಗೆ ಧೂಳು ಹಿಡಿದಿದೆ ಎನ್ನಬಹುದು. ಧೂಳು ಹಿಡಿದಿರುವುದು ಅನೇಕ ಕಡೆ ಸತ್ಯ. ಆದರೆ ಧೂಳು ಏಕೆ ಹಿಡಿಯಿತು? ಸಂದರ್ಶನದಲ್ಲಿ ಏನನ್ನು ಕೇಳುತ್ತಾರೋ ಅದೇ ಕಾಲೇಜಿನಲ್ಲಿ ಪಠ್ಯವಾಗುತ್ತದೆ. ನೂರು ಪ್ರಶ್ನೆಗಳ ಪಟ್ಟಿಯಿಂದ ಕೆಲಸ ಸಿಗುವುದಾದರೆ ಲ್ಯಾಬಿನ ಬಾಗಿಲು ತೆಗೆಯುವವರು ಯಾರು? ಹುಡುಗರು ತಂದೆಯ ಸಾಲದ ಹಣ ತಂದು ತರಬೇತಿ ಕೇಂದ್ರಗಳಿಗೆ ಸುರಿಯುತ್ತಾರೆ, ಅಲ್ಲಿ ಪಟ್ಟಿ ಉರುಹೊಡೆಯುತ್ತಾರೆ. ನಾಳೆಯಿಂದ ಕಂಪೆನಿಗಳು ಕೆಟ್ಟ ಬೋರ್ಡು ಮುಂದಿಡತೊಡಗಲಿ, ನಾಡಿದ್ದು ಕಾಲೇಜುಗಳ ಆಸಿಲೋಸ್ಕೋಪುಗಳು ತಾವಾಗಿಯೇ ಹೊಳೆಯುತ್ತವೆ. ಡೊಂಕಾದ ನೆಲವನ್ನು ನೇರ ಮಾಡುವ ಶಕ್ತಿ ಇರುವುದು ಕೆಲಸ ಕೊಡುವವರ ಕೈಯಲ್ಲಿ.

ನಾವು ಬೇಡುತ್ತಿರುವುದು ದಯೆಯನ್ನಲ್ಲ, ಮೀಸಲನ್ನೂ ಅಲ್ಲ. ಬೇಡಿಕೆಗಳು ಐದೇ. ಒಂದು: ಕೆಲಸ ಬೋರ್ಡಿನದೋ, ಚಿಪ್ ವಿನ್ಯಾಸದ್ದೋ, ಪರೀಕ್ಷಣೆಯದೋ, ಎಷ್ಟು ಸುತ್ತು, ಯಾವ ವಿಷಯ ಎಂಬುದನ್ನು ಕರೆಯುವಾಗಲೇ ತಿಳಿಸಿ. ಎರಡು: ಒಂದೇ ಕೆಲಸಕ್ಕೆ ಬಂದವರಿಗೆ ಒಂದೇ ಬಗೆಯ ಪ್ರಶ್ನೆ, ಒಂದೇ ಬಗೆಯ ಅಂಕ. ಮೂರು: ಕೊನೆಯ ಸುತ್ತಿನವರಿಗೆ ಒಂದು ಗಂಟೆ ಕೆಲಸವನ್ನೇ ಕೊಟ್ಟು ನೋಡಿ. ನಾಲ್ಕು: ಹೌದೋ ಅಲ್ಲವೋ, ಹದಿನೈದು ದಿನದೊಳಗೆ ಉತ್ತರ. ಐದು: ಬೇರೆ ಊರಿನಿಂದ ಕರೆಸಿಕೊಂಡವರಿಗೆ ರೈಲಿನ ಖರ್ಚು. ಅನೇಕ ಸರ್ಕಾರಿ ಸಂಸ್ಥೆಗಳು ಇಂದಿಗೂ ನಿಯಮದಂತೆ ಇದನ್ನು ಕೊಡುತ್ತವೆ. ಅವುಗಳಿಗಿಂತ ಸಿರಿವಂತರಾದವರಿಗೆ ಇದು ಭಾರವಾಗದು.

ಇದನ್ನೆಲ್ಲ ಓದಿ ‘ಕಂಪೆನಿಗಳು ನಮ್ಮ ಮಾಸಪತ್ರಿಕೆ ಓದುತ್ತವೆಯೇ?’ ಎಂದು ನಗುವವರಿಗೆ ನಮ್ಮದೊಂದು ಮಾತು. ಕಂಪೆನಿಗಳು ಓದಲಿಕ್ಕಿಲ್ಲ, ಕಂಪೆನಿಗಳ ಸಂದರ್ಶನ ಮಂಡಳಿಯಲ್ಲಿ ಕೂಡುವ ಅನೇಕರು ಮಾತ್ರ ಈ ಸಂಘದ ಸದಸ್ಯರೇ ಆಗಿದ್ದಾರೆ, ರಾಜ್ಯೋತ್ಸವದಲ್ಲಿ ಮೊದಲ ಸಾಲಿನಲ್ಲಿ ಕೂಡುತ್ತಾರೆ. ಅವರಿಗೆ ಪ್ರಶ್ನೆಪತ್ರಿಕೆ ಬದಲಿಸುವಷ್ಟು ಅಧಿಕಾರವಿದೆ, ಉತ್ತರ ಬರೆಯಿಸುವಷ್ಟು ಅಧಿಕಾರವಿದೆ. ಕನ್ನಡಿಗನೆಂದು ಯಾರನ್ನೂ ತೆಗೆದುಕೊಳ್ಳಬೇಡಿ. ಹಾಗೆ ಮಾಡಿದರೆ ಅದೂ ಅನ್ಯಾಯವೇ. ಯಾವ ಊರಿನವರೇ ಬರಲಿ, ಬಂದವರ ಮುಂದೆ ಒಂದು ಬೋರ್ಡು ಇಟ್ಟು, ಒಂದು ಗಂಟೆ ಸುಮ್ಮನೆ ಕುಳಿತು ಅವರ ಕೈಗಳನ್ನು ನೋಡಿ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂದ ನಮ್ಮ ಹಿರಿಯರು ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಸ್ಪಷ್ಟವಾಗಿಯೇ ಹೇಳಿಹೋಗಿದ್ದಾರೆ.